ಅವನುಳಿಸಿದ

ಕ್ಯಾಲೆಂಡರ್ ಯಾರು ತೆಗೆದರೋ, ಆಫೀಸಿನ ಗೋಡೆಯ ಮೇಲೆ ಬರೀ ಮೊಳೆ ಉಳಿದಿದೆ, ಉಳಿದಿದೆ, ಉಳಿಸಿದ — ಥೂ, ಈ ಮಾತೇ ಬೇಡ ಎಂದು ಅವಳು ಪರದೆಯ ಕಡೆ ತಿರುಗಿದಳು, ಪಕ್ಕದ ಮೇಜಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟರ್ ಮಹಾಶಯನಿಗೆ ನಗು ತಡೆಯಲಾಗುತ್ತಿಲ್ಲ, ಮೇಡಂ ಇಲ್ಲಿ ನೋಡಿ, ರಾಜನ ಅಪ್ಪಣೆ ಹೋಗಿ ರಾಜನ ಅವನುಣೆ ಆಗಿದೆ, ನಗಲಿ, ಹಲ್ಲು ಉದುರುವ ಹಾಗೆ ಒಂದು ಕೊಟ್ಟರೆ ಆಗ ಗೊತ್ತಾಗುತ್ತದೆ, ಕೀಬೋರ್ಡಿನ ಅಂಚು ಅದಕ್ಕೆ ಸರಿಯಾಗಿದೆ — ಮುಷ್ಟಿ ಬಿಗಿದದ್ದು ಕಂಡು ಅವಳಿಗೇ ಹೆದರಿಕೆಯಾಯಿತು, ಯಾರ ಕೈ ಇದು, ಗೆಣ್ಣುಗಳು ಥೇಟ್ ಅಪ್ಪನವೇ. ಎಲ್ಲ ಕಡೆ ಬದಲಿಸು: ಆ ಗುಂಡಿ ಅವಳ ಕೂಸು. ತಮ್ಮ ಪುಸ್ತಕ ತಾವೇ ಪ್ರಕಟಿಸುವವರು ಕಂಪ್ಯೂಟರ್ ಕಂಡರೆ ಬೆವರುವ ಜನ, ನೂರೆಂಟು ಪ್ರಶ್ನೆ ಕೇಳಿ ಅವರನ್ನು ಗೋಳು ಹೊಯ್ದುಕೊಳ್ಳಬಾರದು, ಒಂದೇ ಒತ್ತು, ಪುಸ್ತಕದ ತುಂಬ ಒಂದು ಪದ ಹೋಗಿ ಇನ್ನೊಂದು ಬಂತು, ಅಪ್ಪನಿಗೆ ಎಂದಿದ್ದರೆ ಅವನಿಗೆ ಎಂದು ತಾನೇ ತಿದ್ದಿಕೊಳ್ಳುತ್ತದೆ, ಎಂದು ಮೀಟಿಂಗಿನಲ್ಲಿ ಎಷ್ಟು ಜಂಬ ಕೊಚ್ಚಿದ್ದಳು. ಅಪ್ಪ ಬೇರೆ ಪದಗಳ ಹೊಟ್ಟೆಯಲ್ಲೂ ಕೂತಿರುತ್ತಾನೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹೊಳೀಲಿಲ್ವೋ, ಬೇಕಂತ್ಲೇ ಮರೆತ್ಯೋ, ಬೆಳಿಗ್ಗೆ ಫೋನಿನಲ್ಲಿ ಅಕ್ಕ ಕೇಳಿದ್ದು ಅದನ್ನೇ. ನಲವತ್ತು ವರ್ಷ ನುಂಗಿಕೊಂಡಿದ್ದನ್ನು ಅಕ್ಕ ಬರೆದಳು, ಬರೆದಾದ ಮೇಲೆ ಅವನನ್ನು ಅಪ್ಪ ಎನ್ನಲು ಮನಸ್ಸು ಒಪ್ಪದೆ ತಂಗಿ ಮಾಡಿದ ಗುಂಡಿ ಒತ್ತಿದಳು, ಅಪ್ಪ ಹೋಗಿ ಅವನು ಬಂದ, ಇ-ಪುಸ್ತಕ ಹೊರಬಿತ್ತು, ಮೊದಲು ಓದಿದವನು ಚಿಕ್ಕಪ್ಪ. ಅಂತೂ ನಿಜ ಬರೆದೆಯಲ್ಲ ತಾಯಿ, ನಮ್ಮಣ್ಣ ಉಳಿಸೋಕೆ ನೋಡಿದ ಅಂತ, ಎಂದನಂತೆ. ಎಪ್ಪತ್ತೆರಡನೇ ಪುಟ, ಎರಡೂ ಕೈಯಲ್ಲಿ ಎತ್ತಿ ಅಮ್ಮನನ್ನು ಅಪ್ಪಳಿಸಿದ, ಅಕ್ಕ ಬರೆದದ್ದು ಇದು. ಎರಡೂ ಕೈಯಲ್ಲಿ ಎತ್ತಿ ಅಮ್ಮನನ್ನು ಅವನುಳಿಸಿದ, ಜನ ಓದುತ್ತಿರುವುದು ಅದು. ಉಳಿಸಿದನಂತೆ, ಗೋಡೆಗೆ ತಲೆ ಒಡೆದ ಸದ್ದು ಈಗಲೂ ಹಲ್ಲಿನ ಬುಡದಲ್ಲಿದೆ, ಮತ್ತೆ ಅವತ್ತಿನ ಪೊಲೀಸರು, ಏಳು ವರ್ಷದ ಅವಳನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ, ಏನಾಯ್ತು ಪುಟ್ಟಿ, ಹೆಗಲ ಮೇಲೆ ಅಪ್ಪನ ಕೈ, ಬೆರಳು ಮೂಳೆಗೆ ಇಳಿಯುತ್ತಿದೆ, ಅವಳ ಕಣ್ಣು ಗೋಡೆಯ ಮೊಳೆಯ ಮೇಲೆ, ಮೊಳೆಯಲ್ಲಿ ಅಮ್ಮನ ನಾಲ್ಕು ಕೂದಲು, ಅಮ್ಮ ಜಾರಿ ಬಿದ್ಲು, ಅಪ್ಪ ಉಳಿಸೋಕೆ ಹೋದ್ರು — ಒಂದಕ್ಷರ ತಡವರಿಸಲಿಲ್ಲ ಪಾಪಿ, ಆಮೇಲೆ ಅಕ್ಕ ಎಷ್ಟು ಕಿರುಚಿದರೂ ಯಾರು ಕೇಳಬೇಕು. ಆಗ್ಲೂ ಅವನನ್ನ ಉಳಿಸಿದ್ದು ನೀನೇ, ಈಗ್ಲೂ ನೀನೇ, ಎಂದು ಅಕ್ಕ ಫೋನಿಟ್ಟಳು.

ತಿದ್ದುವುದೇನು ಮಹಾ, ಒಂದು ಪದ. ಅಕ್ಕನ ಪುಟ ತೆರೆದೇ ಇದೆ, ಅವನುಳಿಸಿದ ಎಂಬುದನ್ನು ಅಳಿಸಿದಳು, ಅಪ್ಪ ಎಂದು ಒತ್ತಿದಳು, ಅಷ್ಟಕ್ಕೇ ಬೆರಳು ನಿಂತಿತು — ಅಪ್ಪನೂ ಹೀಗೇ ನಿಂತಿದ್ದ, ಅಮ್ಮನನ್ನು ಎತ್ತಿ ಹಿಡಿದು, ಬಾಗಿಲ ಸಂದಿಯಲ್ಲಿದ್ದ ಅವಳನ್ನು ಒಮ್ಮೆ ನೋಡಿದ, ಅವಳೂ ನೋಡಿದಳು, ಆಗ ಕೂಗಬಹುದಿತ್ತು, ಕೂಗಲಿಲ್ಲ — ಳಿಸಿದ. ಪ್ರಕಟಿಸು. ಮೇಡಂ, ಇನ್ನೊಂದು ತಮಾಷೆ ಸಿಕ್ತು, ಅನ್ನುತ್ತಿದ್ದಾನೆ ಟೆಸ್ಟರ್, ಅವಳು ಫೋನೆತ್ತಿ ಅಕ್ಕನಿಗೆ ಬರೆದಳು, ತಿದ್ದಿದೆ ಅಕ್ಕ, ಅಪ್ಪಳಿಸಿದ ಅಂತಲೇ ಇದೆ, ನಾನೂ ನೋಡ್ದೆ, ಎಲ್ಲ ನೋಡ್ದೆ, ಕಳಿಸಿ ತಲೆಯೆತ್ತಿದರೆ ಗೋಡೆ, ಗೋಡೆಯಲ್ಲಿ ಮೊಳೆ, ಮೊಳೆಗೆ ಸಿಕ್ಕ ನಾಲ್ಕು ಕೂದಲು, ಫ್ಯಾನಿನ ಗಾಳಿಗೆ ಅಲ್ಲಾಡುತ್ತಿವೆ.