ತಡವಾಗಿ ಬರುವ ಸದ್ದು

ಸದ್ದು ಯಾಕೆ ಇಷ್ಟು ಸರಿಯಾಗಿ ಬರುತ್ತಿದೆ? ಬಂದೂಕಿನ ತುದಿಯಲ್ಲಿ ಬೆಂಕಿ ಕಾಣುತ್ತಿದ್ದಂತೆಯೇ ಗುಂಡಿನ ಸದ್ದೂ ಕೇಳುತ್ತಿದೆ. ಎರಡರ ನಡುವೆ ಒಂದಿಷ್ಟೂ ಸಂದಿಲ್ಲ. ಹಾಗಾಗಲು ಸಾಧ್ಯವಿಲ್ಲ. ಅಥವಾ ಸಾಧ್ಯವೋ? ತನ್ನ ಕಿವಿಯೇ ಸರಿಯಿಲ್ಲವೋ? ನಿನ್ನೆ ಮೆಷಿನ್ ಕಾದಿತ್ತು, ರಾತ್ರಿ ತಣ್ಣಗಾದ ಮೇಲೆ ಸರಿಹೋಗಿರಬಹುದು. ಆದರೆ ಮೆಷಿನ್‌ಗಳು ತಾವಾಗಿ ಕೆಡುವುದನ್ನು ಕಂಡಿದ್ದ ರುದ್ರೇಶ, ತಾವಾಗಿ ಸರಿಹೋಗುವುದನ್ನು ಇನ್ನೂ ಕಂಡಿರಲಿಲ್ಲ.

ಕೆಂಗೇರಿ ದಾಟಿದ ಮೇಲೆ ಸಿಗುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಂದು ವಾರ್ಷಿಕ ಪ್ರದರ್ಶನ. ಎರಡನೇ ಮಹಡಿಯ ಕಾರಿಡಾರಿನ ಕೊನೆಯ ಮೇಜು ಅವನದೂ ಅವನ ಗೆಳೆಯ ರೇವಂತನದೂ. ಹಿಂದಿನ ಗೋಡೆಗೆ 'ಲಿನಕ್ಸ್‌ನಲ್ಲೂ ಆಟ ಆಡಬಹುದು' ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದ ಚಾರ್ಟು ಅಂಟಿಸಿತ್ತು. ಮೌಸ್ ಹಿಡಿದು ಕೂತಿದ್ದವನು ರೇವಂತ್. ಕಂಪ್ಯೂಟರ್ ಅವನದೇ. ಬೆಳಿಗ್ಗೆ ಅಪ್ಪನ ಓಮ್ನಿಯಲ್ಲಿ ಹಾಕಿಕೊಂಡು ತಂದಿದ್ದ. ವ್ಯಾನಿನಲ್ಲಿ ಜಾಗ ಸಾಲದೆ ರುದ್ರೇಶ ಬಸ್ಸಿನಲ್ಲಿ ಬಂದಿದ್ದ. ಬಂದು ನೋಡಿದರೆ ಮೇಜಿನ ಮುಂದೆ ಜನವೋ ಜನ. ವಿಜಯನಗರದ ಗೇಮಿಂಗ್ ಸೆಂಟರುಗಳಲ್ಲಿ ಗಂಟೆಗಟ್ಟಲೆ ಕೂತು ಆಡುವ ಅದೇ ಗನ್ನಿನ ಆಟ, ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರವಿರುವ ಪರದೆಯಿಂದ ಶುರುವಾಗಿ ನೀರು ಹರಿದ ಹಾಗೆ ಓಡುತ್ತಿತ್ತು. ರೇವಂತ್ ಒಬ್ಬೊಬ್ಬನನ್ನೇ ಹೊಡೆದುರುಳಿಸುತ್ತಿದ್ದ. ಹುಡುಗರು ಶಿಳ್ಳೆ ಹಾಕುತ್ತಿದ್ದರು.

ರುದ್ರೇಶ ಮಾತ್ರ ಗುಂಪಿನ ಹಿಂದೆ ನಿಂತು ಆ ಸದ್ದನ್ನೇ ಕೇಳುತ್ತಿದ್ದ.

ಅವನು ಕುಷ್ಟಗಿ ಕಡೆಯವನು. ಇಂಜಿನಿಯರಿಂಗ್ ಸೇರುವ ತನಕ ಕಂಪ್ಯೂಟರನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಮೊದಲ ವರ್ಷ ಲ್ಯಾಬಿನಲ್ಲಿ ಮೌಸನ್ನು ಮೇಜಿನ ಅಂಚಿನವರೆಗೂ ತಳ್ಳಿಕೊಂಡು ಹೋಗಿ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತಾಗ ಇಡೀ ಬ್ಯಾಚು ನಕ್ಕಿತ್ತು. ಬಾಯಿ ತೆರೆದರೆ ಮಾತಿಗೂ ನಗುತ್ತಿದ್ದರು. ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಮಾತ್ರ ಅವರ್ಯಾರಿಗೂ ಗೊತ್ತಿರಲಿಲ್ಲ. ಆಜ್ಞೆಗಳನ್ನು ಟೈಪ್ ಮಾಡುವ ಅದರ ಕಪ್ಪು ಪರದೆಯ ಮುಂದೆ ರಾಜಾಜಿನಗರದವನೂ ಕುಷ್ಟಗಿಯವನೂ ಒಂದೇ. ಮ್ಯಾಗಜೀನಿನ ಜೊತೆ ಬಂದ ಸಿಡಿಯೊಂದನ್ನು ಹಿಡಿದು ಅವನು ಕಲಿಯುತ್ತಾ ಹೋದ. ಮೂಡಲಪಾಳ್ಯದಲ್ಲಿ ಕೃಷ್ಣಪ್ಪನವರ ಮನೆಯ ತಾರಸಿ ರೂಮಿನಲ್ಲಿ ಅವನ ಬಾಡಿಗೆ ವಾಸ. ಕೃಷ್ಣಪ್ಪನವರ ಮಗ ರೇವಂತ್ ಅದೇ ಕ್ಲಾಸಿನವನು. ಅವನ ಕಂಪ್ಯೂಟರಿನಲ್ಲೇ ಇವನ ಕಲಿಕೆ.

ಒಂದು ದಿನ ಲ್ಯಾಬಿನಲ್ಲಿ ಅದೇ ಕ್ಲಾಸಿನ ಕುಸುಮಾ ಕೇಳಿದ್ದಳು. "ಅದೆಲ್ಲ ಸರಿ ಕಣೋ ರುದ್ರೇಶ, ನಿನ್ನ ಲಿನಕ್ಸಲ್ಲಿ ಗೇಮ್ ಓಡುತ್ತಾ? ಓಡಲ್ಲ ಅಂದ್ಮೇಲೆ ಅದೇನ್ ಪೂಜೆ ಮಾಡೋಕಾ?"

"ಓಡತೈತಿ," ಅಂದುಬಿಟ್ಟಿದ್ದ ರುದ್ರೇಶ.

"ಓಡತೈತಂತೆ ಗುರು," ಎಂದು ಹಿಂದಿನಿಂದ ಯಾರೋ ಅವನ ದನಿಯಲ್ಲೇ ಹೇಳಿದ್ದರು. ಎಲ್ಲರೂ ನಕ್ಕಿದ್ದರು. ಲ್ಯಾಬಿನ ಗುರುಸಿದ್ದಯ್ಯ ಸಾರ್ ನಕ್ಕಿರಲಿಲ್ಲ. "ಪ್ರದರ್ಶನದಲ್ಲಿ ಓಡಿಸಿ ತೋರಿಸು. ಓಡಿದ್ರೆ ಲ್ಯಾಬಿನ ಕಿಟಕಿ ಸಾಲಿನ ಮೆಷಿನ್ನೆಲ್ಲ ಲಿನಕ್ಸಿಗೆ ಬಿಟ್ಟುಕೊಡ್ತೀನಿ, ನೀನೇ ನೋಡ್ಕೊ," ಅಂದಿದ್ದರು.

ಆ ಮಾತು ಉಳಿಸಿಕೊಳ್ಳಲು ರುದ್ರೇಶ ಪಟ್ಟ ಪಾಡು ಅವನಿಗೇ ಗೊತ್ತು. ವಿಂಡೋಸಿಗಾಗಿ ಮಾಡಿದ ಆಟಗಳನ್ನು ಲಿನಕ್ಸಿನ ಮೇಲೆ ನಡೆಸುವ ವೈನ್ ಎಂಬ ಪ್ರೋಗ್ರಾಮು ಒಂದಿತ್ತು. ಅದು ನಡೆಸುತ್ತದೆ ಎಂದು ಹೇಳುವುದು ಸುಲಭ. ಒಮ್ಮೆ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ಇನ್ನೊಮ್ಮೆ ಗೋಡೆಗಳೆಲ್ಲ ಬಿಳಿಯಾಗಿ ಬಂದೂಕು ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ರೇವಂತ್ ಮಂಚದ ಮೇಲೆ ಕಾಲು ಚಾಚಿ ಮಲಗಿ ನೋಡುತ್ತಿದ್ದ. "ಬಿಟ್ಟಾಕು ಮಗಾ. ಎಮ್ಮೆ ಕೈಲಿ ಬೈಕ್ ಓಡಿಸ್ತೀನಿ ಅಂತಿದೀಯ," ಅನ್ನುತ್ತಿದ್ದ. ಹಾಗೆಂದವನೇ ಎದ್ದು ಹೋಗಿ ಇಬ್ಬರಿಗೂ ಕಾಫಿ ತರುತ್ತಿದ್ದ.

ನಿನ್ನೆ ಮಧ್ಯಾಹ್ನ ರೇವಂತ್ ಚಾರ್ಟು, ಸ್ಕೆಚ್ ಪೆನ್ನು ತರಲು ಹೋಗಿದ್ದಾಗ ಆಟ ಓಡಿತು.

ಗೋಡೆಗಳಿಗೆ ಬಣ್ಣ ಬಂತು. ಬಾಗಿಲು ತೆರೆಯಿತು. ಎದುರು ಬಂದವನಿಗೆ ರುದ್ರೇಶ ಗುಂಡು ಹಾರಿಸಿದ. ಅವನು ಬಿದ್ದ ಮೇಲೆ ಸದ್ದು ಕೇಳಿಸಿತು. ಪಟಾಕಿಯನ್ನು ದೂರದ ಬೀದಿಯಲ್ಲಿ ಹಚ್ಚಿದಂತೆ ಬೆಂಕಿ ಮೊದಲು, ಸದ್ದು ಆಮೇಲೆ. ಅದೊಂದು ಕುಂದನ್ನು ಬಿಟ್ಟರೆ ಆಟ ಪೂರ್ತಿ ಓಡುತ್ತಿತ್ತು. ಅವನು ಸ್ಪೀಕರನ್ನು ದೊಡ್ಡದು ಮಾಡಿದ. ಸುಮ್ಮನೆ ಗೋಡೆಗೆ ಗುಂಡು ಹೊಡೆಯುತ್ತಾ, ತಡವಾಗಿ ಬರುವ ಸದ್ದನ್ನು ಕೇಳುತ್ತಾ ಕೂತ. ಅಷ್ಟು ಸಂತೋಷವನ್ನು ಅವನು ಬೆಂಗಳೂರಿಗೆ ಬಂದ ಮೇಲೆ ಕಂಡಿರಲಿಲ್ಲ. ಒಗೆದ ಬಟ್ಟೆ ಇಡಲು ಬಂದ ರೇವಂತನ ತಾಯಿ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಏನಪ್ಪ ಇದು, ದೀಪಾವಳಿ ಇಲ್ಲೇ ಶುರುವಾಯ್ತಾ," ಎಂದು ನಕ್ಕು ಹೋಗಿದ್ದರು.

ಪರದೆಯ ನಟ್ಟನಡುವೆ, ಯಾರಿಗಾದರೂ ಕಾಣುವ ಹಾಗೆ, ಆಟದ ಐಕಾನ್ ಒಂದನ್ನು ಇಟ್ಟು ಅವನು ಮೆಷಿನ್ ಆರಿಸಿದ್ದ. ಕ್ಲಿಕ್ ಮಾಡಿದರೆ ಸಾಕಿತ್ತು. ಸಂಜೆ ಮೆಟ್ಟಿಲಲ್ಲಿ ರೇವಂತ್ ಸಿಕ್ಕಿ "ಏನಾಯ್ತು?" ಎಂದು ಕೇಳಿದಾಗ ನಗು ತಡೆದುಕೊಂಡು, "ನಾಳೆ ನೋಡೂಣು ಬಿಡು," ಅಂದಿದ್ದ. ಕಾಲೇಜಿನಲ್ಲಿ ಎಲ್ಲರೆದುರು ಅವನ ಬಾಯಿ ತೆರೆದುಕೊಳ್ಳುವುದನ್ನು ನೋಡಬೇಕೆಂಬ ಆಸೆ ಅವನಿಗಿತ್ತು.

ಈಗ ಆ ಸದ್ದು ಸರಿಯಾಗಿ ಬರುತ್ತಿದೆ.

ಕುಸುಮಾ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. "ನಿಜವಾಗ್ಲೂ ಓಡಿಸಿಬಿಟ್ರಲ್ರೋ. ನಂಗೂ ಒಂದು ಕಾಪಿ ಕೊಡಿ," ಎನ್ನುತ್ತಾ ಬಗ್ಗಿ ಪೆನ್ ಡ್ರೈವ್ ಸಿಕ್ಕಿಸಿದಳು. ಸ್ಪೀಕರಿನಿಂದ ಟುಡುಂ ಎಂಬ ಸಣ್ಣ ಸದ್ದು ಬಂತು. ಲ್ಯಾಬಿನ ಹಳೆಯ ಮೆಷಿನ್‌ಗಳಿಗೆ ಪೆನ್ ಡ್ರೈವ್ ಹಾಕಿದಾಗಲೆಲ್ಲ ಬರುವ ಸದ್ದು. ವಿಂಡೋಸಿನ ಸದ್ದು. ಗಲಾಟೆಯಲ್ಲಿ ಬೇರೆ ಯಾರೂ ಗಮನಿಸಲಿಲ್ಲ. ರೇವಂತ್ ಥಟ್ಟನೆ ಪೆನ್ ಡ್ರೈವ್ ಕಿತ್ತು ಅವಳ ಕೈಗೆ ಕೊಟ್ಟು, "ಆಮೇಲೆ ಕೊಡ್ತೀನಿ ಕಣೇ," ಅಂದ. ತಲೆ ಎತ್ತಿದಾಗ ರುದ್ರೇಶನ ಕಣ್ಣು ಸಿಕ್ಕಿತು.

ರುದ್ರೇಶ ಮೇಜಿನ ಹಿಂದಕ್ಕೆ ಹೋಗಿ ಅವನ ಕಿವಿಯ ಹತ್ತಿರ ಬಗ್ಗಿದ. "ಏನ್ ಮಾಡೀದಿ ಇದಕ್ಕ?"

"ಸುಮ್ನಿರು ಮಗಾ. ವಿಂಡೋಸ್ ಎಕ್ಸ್‌ಪಿ ಹಾಕಿ ಮೇಲೆ ಲಿನಕ್ಸ್ ಥರ ಸ್ಕಿನ್ ಹಾಕಿದೀನಿ. ಒಬ್ರಿಗೂ ಗೊತ್ತಾಗಿಲ್ಲ."

"ಹಳೇದೆಲ್ಲಿ?"

"ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡ್ದೆ. ಡಿಸ್ಕಲ್ಲಿ ಜಾಗ ಎಲ್ಲಿತ್ತು? ನಗ್ತಾ ನಿಂತ್ಕೊ, ಎಲ್ಲ ನಿನ್ನೇ ನೋಡ್ತಾವ್ರೆ."

"ಒಮ್ಮೆನಾರ ತೆಗೆದು ನೋಡಿದ್ಯಾ?"

"ಏನ್ ನೋಡೋದು ಅದ್ರಲ್ಲಿ, ಬಿಳೀ ಗೋಡೆನಾ?"

ರುದ್ರೇಶನಿಗೆ ಮಾನಿಟರನ್ನು ಎತ್ತಿ ಕಾರಿಡಾರಿನಿಂದ ಕೆಳಗೆ ಎಸೆದರೆ ಬೀಳುವಾಗ ಅದರ ಸದ್ದು ಯಾವಾಗ ಕೇಳೀತು ಎಂಬ ಹುಚ್ಚು ಯೋಚನೆ ಬಂತು. ಅಷ್ಟರಲ್ಲಿ ಜನ ದಾರಿ ಬಿಟ್ಟರು. ಗುರುಸಿದ್ದಯ್ಯ ಸಾರ್ ಬರುತ್ತಿದ್ದರು.

ಅವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಆಟ ನೋಡಿದರು. ಅವರ ಮುಖ ಅರಳಿದ್ದನ್ನು ರುದ್ರೇಶ ಮೊದಲ ಸಲ ಕಂಡ. "ಭೇಷ್ ಕಣಯ್ಯ. ಹೇಗೆ ಮಾಡ್ದೆ? ಹೇಳು, ಇವರೂ ಕೇಳಿಸ್ಕೊಳ್ಳಲಿ."

ರುದ್ರೇಶ ಹೇಳತೊಡಗಿದ. ಕಪ್ಪು ಪರದೆ ಯಾಕೆ ಬರುತ್ತಿತ್ತು, ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಹೇಗೆ ಬದಲಿಸಿದ, ಗೋಡೆಗಳಿಗೆ ಬಣ್ಣ ಬರಿಸಲು ಯಾವ ಸಾಲು ತಿದ್ದಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದದ್ದು ಪೂರ್ತಿ ಸುಳ್ಳು. ಸಾರ್ ತಲೆದೂಗುತ್ತಿದ್ದರು. ರೇವಂತ್ ಇವನ ಭುಜದ ಮೇಲೆ ಕೈ ಹಾಕಿ ನಿಂತಿದ್ದ. ಆ ಕೈಯ ಭಾರ ಹೆಚ್ಚುತ್ತಾ ಹೋದಂತೆನಿಸಿತು. ಮಾತು ಸದ್ದಿನ ವಿಷಯಕ್ಕೆ ಬಂತು.

"ಸದ್ದು ಮಾತ್ರ ಸ್ವಲ್ಪ ತಡಾ ಬರತೈತ್ರಿ ಸರ್."

"ತಡ ಎಲ್ಲಿದೆ? ಸರಿಯಾಗೇ ಬರ್ತಿದೆಯಲ್ಲ."

ರುದ್ರೇಶ ಭುಜದ ಮೇಲಿದ್ದ ಕೈಯನ್ನು ತೆಗೆದು ಪಕ್ಕಕ್ಕಿಟ್ಟ. "ಇದು ಲಿನಕ್ಸ್ ಅಲ್ರಿ ಸರ್. ವಿಂಡೋಸ್ ಐತಿ. ಮ್ಯಾಲೆ ಬಣ್ಣ ಹಚ್ಚೇವಿ."

ನಗು ಶುರುವಾಯಿತು. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಅಲ್ಲಿಂದ ಮೆಟ್ಟಿಲವರೆಗೆ. "ಓಡತೈತಿ" ಎಂದು ಮತ್ತೆ ಯಾರೋ ಅದೇ ದನಿಯಲ್ಲಿ ಅಂದರು. ಕುಸುಮಾ ನಗಲಿಲ್ಲ. "ಓಡಲ್ಲ ಅಂತ ಮೊದ್ಲೇ ಒಪ್ಕೊಂಡಿದ್ರೆ ಆಗ್ತಿತ್ತಲ್ಲ," ಅಂದಳು. ಆ ಮಾತು ನಗುವಿಗಿಂತ ಹೆಚ್ಚು ಉರಿಯಿತು.

ನಿನ್ನೆ ಓಡಿತ್ತು ಎಂಬ ಮಾತು ರುದ್ರೇಶನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಕಾಲೇಜಿನಲ್ಲಿ ಅದಕ್ಕಿಂತ ಹಳಸಲು ಮಾತು ಬೇರೊಂದಿರಲಿಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಪ್ರೋಗ್ರಾಮು ಕೈಕೊಟ್ಟವರೆಲ್ಲ ಹೇಳುವುದು ಅದನ್ನೇ. "ನಿನ್ನೆ ಔಟ್‌ಪುಟ್ ಬಂದಿತ್ತು ಸಾರ್." ಅದಕ್ಕೆ ಗುರುಸಿದ್ದಯ್ಯ ಸಾರ್ ತಪ್ಪದೆ ಕೊಡುವ ಉತ್ತರವೂ ಎಲ್ಲರಿಗೂ ಬಾಯಿಪಾಠ. "ನಿನ್ನೆ ಬಂದಿದ್ರೆ ನಿನ್ನೇನೇ ಕರೀಬೇಕಿತ್ತು ಕಣಯ್ಯ, ನಾನು ಇಲ್ಲೇ ಇದ್ನಲ್ಲ." ಈಗ ಅವನು ಬಾಯಿ ತೆರೆದರೆ ಅವರು ಹೇಳುವ ಮೊದಲು ಇಡೀ ಕಾರಿಡಾರೇ ಅದನ್ನು ಒಕ್ಕೊರಲಲ್ಲಿ ಹೇಳುತ್ತಿತ್ತು.

ಸಾರ್ ಕನ್ನಡಕ ಇಳಿಸಿಕೊಂಡರು. "ಮೇಜು ಖಾಲಿ ಮಾಡಿ," ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ಕಿಟಕಿ ಸಾಲಿನ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ವಾಪಸ್ಸು ಬರುವಾಗ ಓಮ್ನಿಯಲ್ಲಿ ಹೇಗೋ ಜಾಗವಾಯಿತು. ರುದ್ರೇಶ ಸಿಪಿಯುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಮೋರಿಯ ವಾಸನೆಗೆ ಗಾಜು ಏರಿಸುತ್ತಾ ರೇವಂತ್ ಶುರುಮಾಡಿದ.

"ನಿನ್ನ ಮರ್ಯಾದೆ ಉಳಿಸೋಕೆ ಮಾಡ್ದೆ ಕಣೋ ನಾನು. ನಂಗೇನ್ ಬಂತು ಅದ್ರಿಂದ? ಎಲ್ಲರ ಮುಂದೆ ಕಪ್ಪು ಸ್ಕ್ರೀನ್ ಇಟ್ಕೊಂಡು ನೀನು ಅಳ್ತಾ ನಿಂತಿರ್ತಿದ್ದೆ. ನೀನು ನೋಡಿದ್ರೆ ನನ್ನೇ ಹಿಡಿದು ಕೊಟ್ಟೆ."

ರುದ್ರೇಶ ಮುಂದಿನ ಲಾರಿಯ ಹಿಂಬದಿಯನ್ನು ನೋಡುತ್ತಿದ್ದ.

"ಮಾತಾಡು ಗುರು. ಬೈಯೋದಾದ್ರೆ ಬೈಯಿ. ಇಷ್ಟು ದಿನ ಒದ್ದಾಡ್ದಲ್ಲ, ಒಂದ್ಸಲನಾದ್ರೂ ಓಡಿತ್ತಾ ಅದು? ಒಂದೇ ಒಂದ್ಸಲ? ಹೇಳು."

ಕೇಳುವುದಾದರೆ ಫಾರ್ಮ್ಯಾಟ್ ಮಾಡುವ ಮೊದಲು ಇನ್ನೊಮ್ಮೆ ಕೇಳಬೇಕಿತ್ತು. ತಾರಸಿಗೆ ಹತ್ತುವ ಮೆಟ್ಟಿಲು ಅವನ ರೂಮಿನ ಪಕ್ಕದಲ್ಲೇ ಇತ್ತು. ಕೂಗಿದ್ದರೆ ಕೇಳಿಸುತ್ತಿತ್ತು. ಅದೂ ಬೇಡ, ಒಮ್ಮೆ ಆನ್ ಮಾಡಿ ಕಣ್ಣು ಹಾಯಿಸಿದ್ದರೆ ಪರದೆಯ ನಟ್ಟನಡುವೆ ಐಕಾನ್ ಇತ್ತು. ರುದ್ರೇಶನ ಕೈಯಲ್ಲಿ ಆಗಿಯೇ ಇರುವುದಿಲ್ಲ ಎಂದು ಅವನಿಗೆ ಅಷ್ಟು ಖಾತ್ರಿಯಿತ್ತು. ಹಿಂದಿನಿಂದ ದನಿ ಅಣಕಿಸಿದ ಆ ಹುಡುಗನಿಗಾದರೂ ಸ್ವಲ್ಪ ಅನುಮಾನವಿತ್ತೇನೋ, ನೋಡೋಣ ಎಂದು ಬಂದಿದ್ದ. ದಿನವೂ ಪಕ್ಕದಲ್ಲಿ ಮಲಗಿ ನೋಡಿದವನಿಗೆ ಇರಲಿಲ್ಲ.

ಮತ್ತೆ ಮಾಡಿ ತೋರಿಸಬಹುದಿತ್ತು. ಪ್ರತಿ ಹೆಜ್ಜೆಯೂ ಅವನಿಗೆ ನೆನಪಿತ್ತು. ಆದರೆ ಯಾರ ಮೆಷಿನ್‌ನಲ್ಲಿ, ಯಾರಿಗೆ? ರೇವಂತನಿಗೆ? ಅವನು ನೋಡಿ, ಅಯ್ಯೋ ಮಗಾ ಎಂದು ತಲೆ ಚಚ್ಚಿಕೊಂಡು, ನಾಲ್ಕು ದಿನ ಮುಖ ಸಣ್ಣ ಮಾಡಿಕೊಂಡು, ಆಮೇಲೆ ರುದ್ರೇಶ ಕ್ಷಮಿಸಿದ್ದಾನೆಂದು ತಿಳಿದು ಹಗುರಾಗಿಬಿಡುತ್ತಿದ್ದ. ಅವನನ್ನು ಹಗುರ ಮಾಡುವ ಮನಸ್ಸು ರುದ್ರೇಶನಿಗಿರಲಿಲ್ಲ. ಮಡಿಲಿನ ಸಿಪಿಯು ತೊಡೆಗೆ ಒತ್ತುತ್ತಿತ್ತು. ಸಿಗ್ನಲ್ ಬಿಟ್ಟಿತು.

ಮನೆಯಲ್ಲಿ ಮುನಿಲಕ್ಷ್ಮಮ್ಮ ಇಬ್ಬರಿಗೂ ತಟ್ಟೆ ಹಾಕಿದ್ದರು. ಬಿಸಿ ಮುದ್ದೆ, ಅವರೆಕಾಳಿನ ಉಪ್ಸಾರು. ಊಟ ಬೇಡವೆಂದು ಮೇಲೆ ಹೋಗಲು ಅವರು ಬಿಡಲಿಲ್ಲ.

"ಯಾಕ್ರೋ ಇಬ್ರೂ ಮುಖ ಊದಿಸ್ಕೊಂಡಿದೀರ? ಆಟ ಓಡ್ತೋ ಇಲ್ವೋ?"

"ಇಲ್ಲಮ್ಮ," ಅಂದ ರೇವಂತ್. "ಅದು ಓಡೋ ಅಂಥದ್ದಲ್ಲ."

"ಓಡ್ದೇ ಏನು, ನಿನ್ನೆ ಢಂ ಢಂ ಅಂತ ಹೊಡೀತಿತ್ತಲ್ಲ. ನಾನೇ ಕೇಳಿಸ್ಕೊಂಡೆ."

ರುದ್ರೇಶನ ಕೈ ಸಾರಿನಲ್ಲಿ ನಿಂತಿತು.

"ಅದು ನಾನು ಸಂಜೆ ವಿಂಡೋಸ್ ಹಾಕಿ ಆಡ್ತಿದ್ದಿದ್ದು ಅಮ್ಮ. ನಿಂಗೆ ಗೊತ್ತಾಗಲ್ಲ ಬಿಡು," ಎಂದ ರೇವಂತ್.

ಮುನಿಲಕ್ಷ್ಮಮ್ಮ ಮಗನನ್ನು ನೋಡಿದರು, ರುದ್ರೇಶನನ್ನು ನೋಡಿದರು. "ಸಂಜೆಯೋ ಮಧ್ಯಾಹ್ನವೋ, ನಂಗೇನ್ ಗೊತ್ತಪ್ಪ. ನೀನೇ ಇದ್ದೆ ಅನ್ನಿಸ್ತಪ್ಪ ರುದ್ರೇಶ, ಅಲ್ವಾ?"

ರೇವಂತ್ ತಲೆ ಎತ್ತಲಿಲ್ಲ. ಅವನು ಮುದ್ದೆ ಮುರಿಯುತ್ತಿದ್ದ. ರುದ್ರೇಶ ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ನುಂಗಿದ. ಬಿಸಿಗೆ ಗಂಟಲು ಸುಟ್ಟಿತು.

"ಇನ್ನೊಂದ್ಚೂರು ಸಾರು ಹಾಕ್ರೀ ಅಮ್ಮ," ಅಂದ.

ಆ ವರ್ಷ ಮುಗಿಯುವವರೆಗೂ ಅವನು ಅದೇ ತಾರಸಿ ರೂಮಿನಲ್ಲಿದ್ದ. ರೇವಂತನ ಜೊತೆ ಪರೀಕ್ಷೆಗೆ ಓದಿದ, ಅವನ ಬೈಕಿನ ಹಿಂದೆ ಕೂತು ಕಾಲೇಜಿಗೆ ಹೋದ. ಅವನ ಕಂಪ್ಯೂಟರನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಆಟ ಓಡಿತ್ತು ಎಂಬುದನ್ನು ರುದ್ರೇಶ ರೇವಂತನಿಗೆ ಎಂದೂ ಹೇಳಲಿಲ್ಲ.