ಒಂದು ಫೈಲು, ಇಬ್ಬರು ಹಕ್ಕುದಾರರು

ನಾರಾಯಣಪುರದ ಕೆಳಗಿನ ಕಾಲುವೆಯೊಂದರ ನೀರು ಬಳಕೆದಾರರ ಸಂಘದಲ್ಲಿ ಭಾಗಣ್ಣ ಕಾರಕೂನ. ಯಾವ ತೂಬಿಗೆ ಯಾವ ದಿನ ನೀರು ಬಿಟ್ಟರು, ಎಷ್ಟು ತಾಸು ಹರಿಯಿತು ಎಂಬುದನ್ನೆಲ್ಲ ಏಳು ವರ್ಷದಿಂದ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ. ಸೋಮವಾರ ಬೆಳಿಗ್ಗೆ ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಯಾರಿಗೆ ಯಾವಾಗ ನೀರು ಎಂದು ತೋರಿಸುವ ಪಾಳಿಯ ಪ್ರೋಗ್ರಾಂ ತೆರೆಯಲೇ ಇಲ್ಲ. ಕಂಪ್ಯೂಟರ್ ಕೊಟ್ಟ ಅಂಗಡಿಯವರನ್ನು ಫೋನಿನಲ್ಲಿ ವಿಚಾರಿಸಿದರೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಿ ಎಂದರು. ಏಳು ವರ್ಷದ ದಾಖಲೆಯೂ ಅಳಿಸಿಹೋಗುತ್ತದೆಂದು ಭಾಗಣ್ಣ ಸುರಪುರಕ್ಕೆ ಫೋನ್ ಹಚ್ಚಿದ.

ಸುರಪುರದಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ಭಾರತಿ ಹತ್ತರ ಬಸ್ಸಿಗೆ ಬಂದಳು. ಹೊಳೆದಂಡೆಯ ಮೀನುಗಾರರ ಮನೆಯ ಹುಡುಗಿ, ಮಾತು ಕಡಿಮೆ. ಬಂದವಳೇ ಏನನ್ನೂ ಒತ್ತಲಿಲ್ಲ. ಮೊದಲು ಏಳು ವರ್ಷದ ದಾಖಲೆಯನ್ನು ಪೆನ್‌ಡ್ರೈವಿಗೆ ಇಳಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ನಡುವಿನ ಒಂದು ದಿನದ ಅಂಕಿಗಳನ್ನು ಭಾಗಣ್ಣನಿಂದಲೇ ಓದಿಸಿದಳು. ಆಮೇಲೆ ಪರದೆಯ ಮೇಲಿನ ದೋಷದ ಸಾಲುಗಳನ್ನು ಒಂದೊಂದಾಗಿ ಓದತೊಡಗಿದಳು. ಆ ಸಾಲುಗಳನ್ನು ಇಷ್ಟು ಸಾವಕಾಶ ಓದುವವರನ್ನು ಭಾಗಣ್ಣ ಕಂಡಿರಲಿಲ್ಲ.

“ಎರಡು ಪ್ಯಾಕೇಜ್, ಅಂದ್ರ ಎರಡು ಸಾಫ್ಟ್‌ವೇರ್ ಗಂಟು, ಒಂದ ಫೈಲನ್ನ ನಂದು ನಂದು ಅನ್ನಾಕತ್ತಾವ್ರಿ ಕಾಕಾ,” ಎಂದಳು. “ಒಂದು ಈಗ ಬಂದದ್ದು. ಇನ್ನೊಂದು ಹೊರಗಿಂದ ತಂದು ಹಾಕಿದ್ದು.”

ಹೊರಗಿನ ಆ ಹಳೆಯದನ್ನು ತೆಗೆದರೆ ಏನಾಗುತ್ತದೆಂದು, ತೆಗೆಯದೆಯೇ, ಕಂಪ್ಯೂಟರನ್ನು ಕೇಳಿದಳು. ಉತ್ತರವಾಗಿ ಬಂದ ಪಟ್ಟಿಯಲ್ಲಿ ಪಾಳಿಯ ಪ್ರೋಗ್ರಾಮೂ ಇತ್ತು. ಅದೂ ಜೊತೆಗೇ ಹೋಗುವುದಿತ್ತು. ಅವಳು ಬೇಡವೆಂದು ಒತ್ತಿದಳು. ಅವಸರದಲ್ಲಿ ತಾನಾಗಿದ್ದರೆ ಹೂಂ ಎಂದುಬಿಡುತ್ತಿದ್ದೆ ಎಂದು ಭಾಗಣ್ಣನಿಗೆ ಅನ್ನಿಸಿತು.

ಹೊರಗಿನ ಪ್ಯಾಕೇಜ್ ಯಾವಾಗ ಬಂತೆಂದು ನೋಡಲು ಅವಳು ಕಂಪ್ಯೂಟರಿನ ಹಳೆಯ ದಾಖಲೆ ತೆಗೆದಾಗ ನಾಲ್ಕು ವರ್ಷದ ಹಿಂದಿನ ತಾರೀಖು ಕಂಡಿತು. ಭಾಗಣ್ಣ ಮುಂದಕ್ಕೆ ಬಾಗಿ ಅದನ್ನು ಓದಿದ.

“ನಾನ ಹಾಕಿಸಿದ್ದವಾ ಅದು,” ಎಂದ. “ಅವತ್ತು ಪ್ರಿಂಟ್ ಬರಾಕ ಒಲ್ಲೆ ಅಂದಿತ್ತು.”

“ಅವತ್ತಿಗೆ ಅದ ಬೇಕಾಗಿತ್ರಿ. ಹೇಳಿದ್ದು ಚಲೋ ಆತು, ಹುಡುಕೋದು ತಪ್ಪಿತು.”

ಅಷ್ಟೇ ಅಂದು ಮತ್ತೆ ಓದಲು ಕೂತಳು. ಪಾಳಿಯ ಪ್ರೋಗ್ರಾಮಿಗೆ ಹೊಸ ಪ್ಯಾಕೇಜೂ ನಡೆಯುತ್ತದೆಂದು ಖಾತ್ರಿ ಮಾಡಿಕೊಂಡು, ಹಳೆಯದನ್ನು ತೆಗೆಯುವುದು, ಹೊಸದನ್ನು ಕೂಡಿಸುವುದು ಎರಡನ್ನೂ ಒಂದೇ ಆಜ್ಞೆಯಲ್ಲಿ ಬರೆದಳು. ಈ ಸಲ ಪಟ್ಟಿಯಲ್ಲಿ ಹೋಗುವುದು ಒಂದೇ, ಬರುವುದು ಒಂದೇ. ಭಾಗಣ್ಣನಿಗೂ ಅದನ್ನು ಓದಿಸಿ, ಆಮೇಲೆ ಹೂಂ ಒತ್ತಿದಳು. ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ಉಳಿದ ಸಾಲುಗಳನ್ನು ಸರಸರ ಮುಗಿಸಿತು. ಪ್ರೋಗ್ರಾಂ ತೆರೆಯಿತು, ಆ ದಿನದ ಪಾಳಿ ಪ್ರಿಂಟ್ ಆಗಿ ಬಂತು.

ತೂಬಿನ ಕಾವಲುಗಾರ ಜಮಾಲಸಾಬ ಹಾಳೆ ಒಯ್ಯಲು ಬಂದು, ಇಷ್ಟು ಬೇಗ ಹೇಗೆ ಆಯಿತೆಂದು ಕೇಳಿದ. ಭಾಗಣ್ಣ ಭಾರತಿಯ ಕಡೆ ನೋಡಿದ. ಅವಳು ಇಂದು ಏನೇನು ಬದಲಾಯಿತೆಂದು ಮುಂದೆ ಬರುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದಳು.

“ಬೇಗ ಆಗಿಲ್ಲಪಾ,” ಎಂದ ಭಾಗಣ್ಣ. “ಈಕಿ ಅವಸರ ಮಾಡಲಿಲ್ಲ, ಅದಕ್ಕ ಏನೂ ಹೋಗಲಿಲ್ಲ.”