ಮಗಳ ಕಾಲಿಗೆ ಬಿಗಿದ ಟ್ಯೂಬು

ನಮ್ಮದು ಸೈಕಲ್ ರಿಪೇರಿ ಮನೆ. ಮುಂದೆ ಅಂಗಡಿ, ಹಿಂದೆ ವಾಸ, ನಡುವಿನ ಓಣಿಯಲ್ಲಿ ಹಳೆಯ ಟಯರುಗಳ ರಾಶಿ. ಮಳೆ ಬಿದ್ದರೆ ಸಾಕು, ಆ ರಾಶಿಯಿಂದ ಜರಿಹುಳ, ಚೇಳು, ಜಿರಳೆ ಎಲ್ಲವೂ ಕರೆಯದ ನೆಂಟರ ಹಾಗೆ ಒಳಗೆ ಬರುತ್ತಿದ್ದವು. "ಮಾವ, ಅದನ್ನ ತೆಗೆಸಿ" ಎಂದರೆ, "ಒಂದಿನ ಬೇಕಾಗುತ್ತಮ್ಮ" ಎನ್ನುತ್ತಿದ್ದರು.

ಆ ಒಂದು ದಿನ ಬಂತು. ಬೆಳಿಗ್ಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಓಣಿಯಲ್ಲಿ ಬಿಟ್ಟಿದ್ದ ಶೂಗೆ ಕಾಲು ಹಾಕಿದ ಮಗಳು ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಹೆಬ್ಬೆರಳಲ್ಲಿ ಎರಡು ಚುಕ್ಕೆ, ಸುತ್ತ ಕೆಂಪು. ಶೂ ಕೊಡವಿದೆ. ಗೇಣುದ್ದದ ಜರಿಹುಳ ಕೆಳಗೆ ಬಿದ್ದು, ಸರಸರನೆ ಟಯರಿನೊಳಗೆ ನುಗ್ಗಿತು.

ನಾನು ಒಳಗೆ ಹೋಗಿ ಸೋಪು ತರುವಷ್ಟರಲ್ಲಿ ಮಾವ ಅಂಗಡಿಯಿಂದ ಬಂದು, ಹಳೆಯ ಟ್ಯೂಬಿನ ಪಟ್ಟಿಯನ್ನು ಅವಳ ಮೊಣಕಾಲಿನ ಕೆಳಗೆ ಬಿಗಿದುಬಿಟ್ಟಿದ್ದರು. ಕ್ಯಾರಿಯರಿಗೆ ಮೂಟೆ ಕಟ್ಟುವ ಅದೇ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. ನಮ್ಮನೆಯವರು ಚೈನು ತೊಳೆಯುವ ಸೀಮೆಎಣ್ಣೆ ಡಬ್ಬ ಹಿಡಿದು ನಿಂತಿದ್ದರು.

"ರೀ, ಅದನ್ನ ಕೆಳಗಿಡಿ. ಮಾವ, ಬಿಚ್ಚಿ ಅದನ್ನ!"

"ನೀನು ಸುಮ್ನಿರಮ್ಮ. ವಿಷ ಎದೆಗೆ ಏರಿದ್ರೆ ನೀನು ಇಳಿಸ್ತೀಯಾ?"

"ಅಮ್ಮಾ, ಕಾಲು ಜೋಮು ಹಿಡೀತಿದೆ" ಎಂದಳು ಮಗಳು.

"ನೋಡು, ನೋವು ಕಮ್ಮಿ ಆಗ್ತಾ ಇದೆ!" ಎಂದರು ಮಾವ.

ಪಾದ ನೀಲಿಗಟ್ಟುತ್ತಿತ್ತು. ಆ ಗಂಟಿಗೆ ನನ್ನ ಉಗುರು ಸಾಲಲಿಲ್ಲ. ನಾನು ಕೂಗಿದ್ದು ಕೇಳಿ, ಡ್ಯೂಟಿಗೆ ಹೊರಟಿದ್ದ ಪಕ್ಕದ ಮನೆಯ ನರ್ಸಕ್ಕ ಓಡಿಬಂದರು.

"ಕಚ್ಚಿದ್ದು ಏನು? ಕಣ್ಣಾರೆ ನೋಡಿದ್ಯಾ?"

"ಜರಿಹುಳ, ಅಕ್ಕ. ಶೂ ಒಳಗಿತ್ತು."

"ಕತ್ತರಿ ಕೊಡು."

ಪಟ್ಟಿ ತುಂಡಾಗಿ ಬಿತ್ತು. ಪಾದಕ್ಕೆ ಮೆಲ್ಲಗೆ ಬಣ್ಣ ಮರಳಿತು. ಮಗಳು ಈಗ ಜೋರಾಗಿ ಅತ್ತಳು. ಆ ಅಳು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

"ಯಜಮಾನ್ರೇ, ಗಾಳಿ ಹೋಗದ ಹಾಗೆ ಬಿಗಿಯೋಕೆ ಇದೇನು ಟಯರಾ? ಮಗು ಕಾಲು! ರಕ್ತ ಓಡಾಡದಿದ್ರೆ ಕಾಲೇ ಹೋಗುತ್ತೆ."

"ನಾವು ಹಿಂದಿನಿಂದ ಹೀಗೇ ಕಟ್ತಾ ಬಂದಿದೀವಮ್ಮ."

"ಹಿಂದಿನಿಂದ ತಪ್ಪು ಮಾಡ್ತಾ ಬಂದಿದೀರಿ."

"ಹಾಗಾದ್ರೆ ಸೀಮೆಎಣ್ಣೆ...?" ಎಂದರು ನಮ್ಮನೆಯವರು.

"ಅದು ಚೈನಿಗೆ!"

ನರ್ಸಕ್ಕ ಗಾಯವನ್ನು ಸೋಪು ನೀರಿನಲ್ಲಿ ತೊಳೆಸಿದರು. ನೀರು ಬಿಸಿ ಮಾಡಿಸಿ, ಸುಡುವುದಿಲ್ಲವೇ ಎಂದು ಮೊದಲು ತಮ್ಮ ಕೈಯಿಟ್ಟು ನೋಡಿ, ಆಮೇಲೆ ಪಾದ ಇಡಿಸಿದರು. "ನೋವು ಇಳಿಯುತ್ತೆ, ಆದ್ರೂ ಕಣ್ಣಿಟ್ಟಿರು. ಮುಖ ಊದಿದ್ರೆ, ಉಸಿರು ಕಟ್ಟಿದ್ರೆ, ವಾಂತಿ, ತಲೆಸುತ್ತು ಬಂದ್ರೆ ಆಸ್ಪತ್ರೆಗೆ ಓಡಿ. ಚೇಳೋ ಹಾವೋ ಕಚ್ಚಿದ್ರೆ, ಏನು ಕಚ್ತು ಅಂತಾನೇ ಗೊತ್ತಿಲ್ದಿದ್ರೆ, ಒಂದು ಕ್ಷಣನೂ ಕಾಯ್ಬೇಡಿ."

ಅನ್ನ ಸೀದು ಹೋಗಿತ್ತು. ಹೋಗಲಿ ಎಂದು ನಾನು ಓಣಿಗೆ ಬಂದು ಮೊದಲ ಟಯರು ಎಳೆದೆ. ಒಳಗೆ ಕೊಳೆತ ನೀರು, ಅದರಲ್ಲಿ ಮಿಜಿಮಿಜಿ ಸೊಳ್ಳೆಮರಿ. ಎರಡನೆಯದನ್ನು ಎತ್ತಿದರೆ, ಬೆನ್ನ ತುಂಬ ಮರಿ ಹೊತ್ತ ಚೇಳು.

"ಮಾವ, ಇದು ಯಾವ ದಿನಕ್ಕೆ ಬೇಕು?"

ಮಾವ ಚೇಳು ನೋಡಿದರು. ಬಿಸಿನೀರಿನಲ್ಲಿ ಕಾಲಿಟ್ಟು ಬಿಕ್ಕುತ್ತಿದ್ದ ಮೊಮ್ಮಗಳನ್ನು ನೋಡಿದರು. "ಬರಿಗೈ ಹಾಕ್ಬೇಡ, ಬಿಡಮ್ಮ" ಎಂದು ನನ್ನನ್ನು ಸರಿಸಿ, ಕೋಲು ಹಿಡಿದು ತಾವೇ ರಾಶಿ ಕೆಡವಲು ನಿಂತರು. ಸಂಜೆಯೊಳಗೆ ಗುಜರಿಯವನ ಗಾಡಿ ತುಂಬಿತು.

ತುಂಡಾದ ಆ ಪಟ್ಟಿಯನ್ನು ಮಾತ್ರ ಮಾವ ಎಸೆಯಲಿಲ್ಲ. ಅದನ್ನು ಗೋಡೆಗೆ ಅಡ್ಡವಾಗಿ ಹಿಡಿದು ಅಲ್ಲಲ್ಲಿ ಮೊಳೆ ಹೊಡೆದರು. ಈಗ ನಮ್ಮೆಲ್ಲರ ಶೂ, ಚಪ್ಪಲಿ ಅದರಲ್ಲೇ ನೇತಾಡುತ್ತವೆ. "ತಾತ, ಕೊಡವಿದ್ರಾ?" ಎಂದು ಮಗಳು ದಿನಾ ಗದರುತ್ತಾಳೆ. ತಾತ ಎರಡೆರಡು ಸಲ ಕೊಡವುತ್ತಾರೆ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ನಿಮ್ಮ ಮನೆಯಲ್ಲೂ "ಒಂದಿನ ಬೇಕಾಗುತ್ತೆ" ಎನ್ನುವ ರಾಶಿಯೊಂದು ಇದ್ದೇ ಇರುತ್ತದೆ. ಇವತ್ತೇ ತೆಗೆಯಿರಿ. ಶೂ, ಹಾಸಿಗೆ, ಒಣಗಿದ ಬಟ್ಟೆ ಕೊಡವದೆ ಮುಟ್ಟಬೇಡಿ. ಏನೇ ಕಚ್ಚಿದರೂ ಕಟ್ಟಬೇಡಿ, ಕೊಯ್ಯಬೇಡಿ, ಕಂಡದ್ದನ್ನು ಸುರಿಯಬೇಡಿ. ಹಿರಿಯರು ಬೈದರೆ ಬೈಯಲಿ. ಬೈಗುಳ ಒಂದು ಗಳಿಗೆಯದು. ಮಗುವಿಗೆ ಆ ಕಾಲು ಬದುಕೆಲ್ಲ ಬೇಕು.